ತಾತನ ಬ್ರೇಕು ಮತ್ತು ಅಂಚೆ ಆಮೆ

ನನ್ನ ಮಗಳ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನ ಮುಂದೆ ಹಾಸಿರುವ ರಬ್ಬರ್ ಮ್ಯಾಟು ಒಂದೇ ಜಾಗದಲ್ಲಿ ಸವೆದು ತೂತಾಗಿದೆ. ಅದು ನನ್ನ ಬಲಗಾಲಿನ ಕೆಲಸ. ಆಯಸ್ಸಿನ ಬಹುಪಾಲು ಸಿಟಿ ಬಸ್ಸು ಓಡಿಸಿದವನು ನಾನು. ನಿವೃತ್ತಿ ಆಗಿದ್ದು ನನಗೆ, ನನ್ನ ಕಾಲಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಮುಂದಿನ ಗಾಡಿಯ ಕೆಂಪು ದೀಪ ಕಂಡರೆ ಸಾಕು, ತಾನಾಗಿಯೇ ನೆಲ ಒತ್ತುತ್ತದೆ.

“ಅಪ್ಪಾ, ಆ ಕಡೆ ಬ್ರೇಕ್ ಇಲ್ಲ” ಅನ್ನುತ್ತಾಳೆ ಮಗಳು.

“ಗೊತ್ತು. ಆದ್ರೂ ಯಾರಾದ್ರೂ ಒಬ್ರು ನೋಡ್ಬೇಕಲ್ಲ.”

“ನಾನು ನೋಡ್ತಿಲ್ವಾ?”

“ನೀನು ಕನ್ನಡಿ ನೋಡ್ತಿದೀಯ.”

ಇಷ್ಟಾದ ಮೇಲೆ ಮುಂದಿನ ಸಿಗ್ನಲ್ ಬರುವ ತನಕ ಅವಳು ನನ್ನ ಜತೆ ಮಾತಾಡುವುದಿಲ್ಲ. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಕಿಸಕ್ಕೆಂದು ನಗುತ್ತಾಳೆ.

ಈ ಮೊಮ್ಮಗಳಿಗೆ ಮಿಡತೆ ಅಂತ ಅಡ್ಡಹೆಸರಿಟ್ಟವನು ನಾನೇ. ಕಾಲು ಬಂದ ದಿನದಿಂದ ಅವಳು ನಡೆದದ್ದು ಅಂತಲೇ ಇಲ್ಲ, ಬರೀ ನೆಗೆತ. ಸೋಫಾದಿಂದ ಕುರ್ಚಿಗೆ, ಕುರ್ಚಿಯಿಂದ ನನ್ನ ಬೆನ್ನಿಗೆ. ಹೋದ ವರ್ಷ ಒಂದು ಬೆಳಿಗ್ಗೆ ಮಿಡತೆ ಹಾಸಿಗೆ ಬಿಟ್ಟು ಏಳಲಿಲ್ಲ. ಮಂಡಿಗಳೆರಡೂ ಊದಿ ಬಿಸಿಯಾಗಿದ್ದವು, ಬೆರಳುಗಳನ್ನು ಮಡಿಸಲಾಗುತ್ತಿರಲಿಲ್ಲ. ಕೀಲಿನ ಕಾಯಿಲೆ, ಮಕ್ಕಳಿಗೂ ಬರುತ್ತದೆ ಅಂದರು ಡಾಕ್ಟರು. ನನ್ನಂಥ ಮುದುಕನಿಗೆ ಬರಬೇಕಾದದ್ದು ದಾರಿ ತಪ್ಪಿ ಅವಳ ಹತ್ತಿರ ಹೋಗಿತ್ತು. ನನ್ನ ಮಂಡಿಗಳೋ ಗಟ್ಟಿಮುಟ್ಟಾಗಿದ್ದವು. ಆ ದಿನಗಳಲ್ಲಿ ನನ್ನ ಮಂಡಿ ಕಂಡರೆ ನನಗೇ ಸಿಟ್ಟು ಬರುತ್ತಿತ್ತು.

ಔಷಧ ಇದೆ, ಒಳ್ಳೆಯ ಔಷಧ. ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ, ಕೈಯ ನರಕ್ಕೆ ಸೂಜಿ ಚುಚ್ಚಿಸಿಕೊಂಡು, ಹನಿ ಹನಿಯಾಗಿ ಹರಿಸಿಕೊಂಡು ಬರಬೇಕು. ಅಷ್ಟು ಮಾಡಿದರೆ ಮಿಡತೆ ಮತ್ತೆ ಮಿಡತೆಯೇ. ಹನಿ ಬೀಳುತ್ತಿರುವಾಗ ಅವಳು ಚಿತ್ರ ಬರೆಯುತ್ತಾಳೆ, ಪಕ್ಕದ ಮಂಚದವರ ಜತೆ ಹರಟುತ್ತಾಳೆ, ನನ್ನ ಪಾಲಿನ ಬಿಸ್ಕತ್ತನ್ನೂ ತಿನ್ನುತ್ತಾಳೆ. ಸೂಜಿ ಒಳಗೆ ಹೋಗುವ ಆ ಒಂದು ಗಳಿಗೆಯದೇ ತಾಪತ್ರಯ.

ಸೂಜಿ ಹಾಕುವ ಕೋಣೆಗೆ ಹಸಿರು ಬಾಗಿಲು. ಗೋಡೆ ತುಂಬ ಮೀನಿನ ಚಿತ್ರಗಳು, ಎಲ್ಲ ಮೀನುಗಳೂ ಹಲ್ಲು ಕಿರಿಯುತ್ತವೆ, ಚುಚ್ಚಿಸಿಕೊಳ್ಳುವುದು ಅವಲ್ಲವಲ್ಲ. ಆ ಕೋಣೆಯದೊಂದು ಪದ್ಧತಿಯಿದೆ. ಮಕ್ಕಳನ್ನು ಮಂಚದ ಮೇಲೆ ಮಲಗಿಸಿ ಅದುಮಿ ಹಿಡಿಯುವಂತಿಲ್ಲ. ಮನೆಯವರೊಬ್ಬರು ಅಗಲವಾದ ಕುರ್ಚಿಯಲ್ಲಿ ಕೂತು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬೆನ್ನನ್ನು ತಮ್ಮ ಎದೆಗೆ ಒರಗಿಸಿಕೊಳ್ಳಬೇಕು.

“ಮಲಗ್ಸಿದ್ರೆ ಮಕ್ಕಳಿಗೆ ಸೋತ ಹಾಗನ್ಸುತ್ತೆ” ಎಂದು ಅಲ್ಲಿನ ಸಿಸ್ಟರು ಮೊದಲ ದಿನವೇ ಹೇಳಿದ್ದರು. “ನಿಮ್ಮ ತೊಡೆ ಮೇಲಿದ್ರೆ ಧೈರ್ಯ ಇರುತ್ತೆ.”

ಮಗಳೂ ಅಳಿಯನೂ ಕೆಲಸಕ್ಕೆ ಹೋಗುವವರು. ಮಗಳು ನಮ್ಮನ್ನು ಬಾಗಿಲಲ್ಲಿ ಇಳಿಸಿ ಹೋಗುತ್ತಾಳೆ, ಕೆಲಸ ಮುಗಿಸಿ ಬಂದು ಕರೆದುಕೊಂಡು ಹೋಗುತ್ತಾಳೆ. ಹಾಗಾಗಿ ತೊಡೆ ನನ್ನದೇ. ನನಗೂ ಹೆಮ್ಮೆಯೇ ಅನ್ನಿ. ಊರನ್ನೇ ಹೊತ್ತು ತಿರುಗಿಸಿದವನಿಗೆ ಒಂದು ಮಿಡತೆ ಭಾರವೇ?

ಭಾರವಾಗಿತ್ತು. ಮೊದಮೊದಲು ಆ ಕೋಣೆಯಲ್ಲಿ ಅವಳು ಕಿರುಚಿದ ಕಿರುಚಾಟಕ್ಕೆ ಹೊರಗೆ ಕೂತ ಮಕ್ಕಳು ತಮ್ಮ ಸರದಿ ಬರುವ ಮುಂಚೆಯೇ ಅಳು ಶುರು ಹಚ್ಚಿಕೊಳ್ಳುತ್ತಿದ್ದವು. ಒಂದು ಸಲ ತಲೆಯನ್ನು ಹಿಂದಕ್ಕೆ ಎಸೆದ ರಭಸಕ್ಕೆ ನನ್ನ ತುಟಿ ಒಡೆದು, ಸಿಸ್ಟರು ಮೊದಲು ನನಗೆ ಹತ್ತಿ ಒತ್ತಿದರು. ಕೈ ಎಳೆದುಕೊಂಡರೆ ಸಿಕ್ಕ ನರ ತಪ್ಪುತ್ತದೆ. ನರ ತಪ್ಪಿದರೆ ಇನ್ನೊಂದು ಕಡೆ ಹುಡುಕಬೇಕು.

“ಮರಗಟ್ಟೋ ಮುಲಾಮು ಹಚ್ಚಿರ್ತೀವಿ, ಇರುವೆ ಕಚ್ಚಿದಷ್ಟೂ ನೋವಿರಲ್ಲ” ಎಂದರು ಸಿಸ್ಟರು. “ಹೆದರಿಕೆಗೆ ಮಾತ್ರ ನಮ್ಮ ಹತ್ರ ಮುಲಾಮಿಲ್ಲ.”

ಡಾಕ್ಟರು ಒಂದು ದಾರಿ ಹೇಳಿದರು. ಹೀಗೇ ಆದರೆ ಪ್ರತಿ ಸಲ ಅರಿವಳಿಕೆ ಕೊಟ್ಟು, ನಿದ್ದೆ ಬರಿಸಿ ಚುಚ್ಚುವುದು. ಬೆಳಿಗ್ಗೆಯಿಂದ ಏನೂ ತಿನ್ನುವಂತಿಲ್ಲ, ಇಡೀ ದಿನ ಆಸ್ಪತ್ರೆ, ಮಾರನೆಯ ದಿನವೂ ಮಂಪರು, ಸ್ಕೂಲಿಲ್ಲ.

ಆ ಕೊನೆಯ ಮಾತಿಗೆ ಮಿಡತೆಯ ಮುಖ ಸಣ್ಣದಾಯಿತು. ಅವಳ ಕ್ಲಾಸಿನಲ್ಲಿ ಒಂದು ನಿಯಮವಿದೆಯಂತೆ. ಎರಡು ದಿನ ಒಟ್ಟಿಗೆ ಬರದಿದ್ದರೆ ಬೆಂಚಿನ ಜಾಗ ಹೋಯಿತು, ಬೇರೆಯವರು ಬಂದು ಕೂರುತ್ತಾರೆ. ಕಾಯಿಲೆ ಬಿದ್ದಾಗ ಹೀಗೇ ಅವಳ ಜೀವದ ಗೆಳತಿಯ ಪಕ್ಕದ ಜಾಗ ಹೋಗಿತ್ತು. ಏನೇನೋ ಲಂಚ ಕೊಟ್ಟು, ಅಂದರೆ ಪೆನ್ಸಿಲ್ಲು, ರಬ್ಬರು, ಹೊಳೆಯುವ ಸ್ಟಿಕ್ಕರು ಎಲ್ಲ ಕೊಟ್ಟು ಅದನ್ನು ವಾಪಸು ಪಡೆದಿದ್ದಳು.

“ಇನ್ನೊಂದ್ಸಲ ಹೋದ್ರೆ ಸಿಗಲ್ಲ ತಾತ” ಎಂದಳು ಕಾರಿನಲ್ಲಿ. “ನನ್ನ ಹತ್ರ ಸ್ಟಿಕ್ಕರ್ ಖಾಲಿ.”

ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಆಗ ಬಂದವರು ಆಟದ ಮೇಡಂ. ಒಂದು ಕಾಲಿಗೆ ಹಳದಿ, ಇನ್ನೊಂದಕ್ಕೆ ನೇರಳೆ ಬಣ್ಣದ ಕಾಲುಚೀಲ ಹಾಕುವ ಹುಡುಗಿ. ಮಕ್ಕಳ ಜತೆ ಆಟ ಆಡುವುದೇ ಆಸ್ಪತ್ರೆಯಲ್ಲಿ ಅವಳ ಕೆಲಸ. ಉದ್ದ ತೋಳಿನ ಸ್ಟ್ಯಾಂಡಿಗೆ ಸಿಕ್ಕಿಸಿದ ಟೀವಿಯಂಥದ್ದನ್ನು ತಳ್ಳಿಕೊಂಡು ಬಂದಳು. ನಾನು ಮೂಗು ಮುರಿದೆ. ಮನೆಯಲ್ಲಿ ವೀಡಿಯೋ ಗೇಮಿಗೆ ಶತ್ರು ಅಂತ ಯಾರಾದರೂ ಇದ್ದರೆ ಅದು ನಾನು. ಟ್ಯಾಬನ್ನು ಬೀರುವಿನ ಮೇಲೆ ಅಡಗಿಸಿಡುವವನು ನಾನೇ, ಮಿಡತೆ ಅದನ್ನು ಹುಡುಕಿ ಇಳಿಸಿದಾಗ ಕೂಗಾಡುವವನೂ ನಾನೇ.

“ಸೂಜಿ ಹಾಕೋವಾಗ ಇದನ್ನ ಆಡೋದು” ಎಂದಳು ಆಟದ ಮೇಡಂ. “ತಲೆಗೆ ಒಂದೇ ಸಲಕ್ಕೆ ಎರಡು ಕೆಲಸ ಸರಿಯಾಗಿ ಮಾಡಕ್ಕಾಗಲ್ಲ. ಆಟದ ಕೆಲಸ ಜಾಸ್ತಿ ಕೊಟ್ರೆ ಹೆದರೋ ಕೆಲಸ ಬಾಕಿ ಉಳಿಯುತ್ತೆ.”

“ಮನೇಲಿ ಬಿಡಿಸ್ತೀವಿ, ಇಲ್ಲಿ ನೀವು ಹಿಡಿಸ್ತೀರಾ?” ಎಂದೆ.

“ತಾತ, ಸ್ವಲ್ಪ ಸುಮ್ನಿರು” ಎಂದಳು ಮಿಡತೆ. ಅವಳ ಕಣ್ಣು ಆಗಲೇ ಪರದೆಯೊಳಗೆ ಹೋಗಿ ಕೂತಿತ್ತು.

ಆಟದ ಹೆಸರು ಅಂಚೆ ಆಮೆ. ಒಂದು ಆಮೆ ಬೆನ್ನ ಮೇಲೆ ಕಾಗದದ ಮೂಟೆ ಹೊತ್ತು ಊರೆಲ್ಲ ಸುತ್ತಿ ಮನೆಮನೆಗೆ ಹಂಚಬೇಕು. ಬೀದಿಗಳಿವೆ, ಸಂತೆಯಿದೆ, ಒಂದು ಕಾಲುವೆ, ಅದರ ಮೇಲೆ ಅಲುಗಾಡುವ ಹಲಗೆ ಸೇತುವೆ. ಕಂಟ್ರೋಲರ್ ಹಿಡಿದ ಬಲಗೈಯ ಒಂದು ಹೆಬ್ಬೆರಳಲ್ಲೇ ಆಡಬಹುದು. ಎಡಗೈಯನ್ನು ಕುರ್ಚಿಯ ತೋಳಿನ ಮೇಲೆ ಸಿಸ್ಟರ ಸುಪರ್ದಿಗೆ ಬಿಟ್ಟರಾಯಿತು.

ಆಮೆ ಹೊರಟಿತು. ಹೊರಟದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು.

“ಏಯ್, ಕೈ ತೋರಿಸ್ದೆ ತಿರುಗ್ತಲ್ಲ ಆ ಮುಠ್ಠಾಳ ಆಮೆ!”

“ಆಮೆಗೆ ಇಂಡಿಕೇಟರ್ ಇರಲ್ಲ ತಾತ.”

“ರಸ್ತೆಗಿಳಿದ ಮೇಲೆ ಯಾರಾದ್ರೇನು? ನೋಡು ನೋಡು, ರಾಂಗ್ ಸೈಡಲ್ಲಿ ಹೋಗ್ತಿದೆ!”

“ಶಾರ್ಟ್ ಕಟ್ ತಾತ ಅದು!”

ನಾವಿಬ್ಬರೂ ಹೀಗೆ ಜಗಳವಾಡುತ್ತಾ ಸಂತೆ ದಾಟಿದೆವು, ಸೇತುವೆ ದಾಟಿದೆವು. ಕಾಲುವೆಯ ಆಚೆ ದಡ ಮುಟ್ಟಿದಾಗ ಸಿಸ್ಟರು ಮಿಡತೆಯ ಕೈಗೆ ಟೇಪು ಅಂಟಿಸುತ್ತಿದ್ದರು. ಸೂಜಿ ಹೋಗಿ, ಕೊಳವೆ ಕೂತು, ಎಲ್ಲ ಮುಗಿದಿತ್ತು. ಮಿಡತೆ ತನ್ನ ಕೈಯನ್ನೇ ಕಕ್ಕಾಬಿಕ್ಕಿಯಾಗಿ ನೋಡಿಕೊಂಡಳು. ನಾನು ಆಟದ ಮೇಡಂ ಕಡೆ ತಿರುಗಿ, ನಿಮ್ಮ ಕಾಲುಚೀಲ ಬಹಳ ಚೆನ್ನಾಗಿದೆ ಅಂದೆ.

ಗೆದ್ದೆವು ಅಂದುಕೊಂಡೆವು. ಮುಂದಿನ ಸಲ ಸಿಸ್ಟರು ಸೂಜಿ ಕೈಗೆತ್ತಿಕೊಂಡ ಕೂಡಲೇ ಮಿಡತೆ ಕೈ ಕಿತ್ತುಕೊಂಡು ಕಿರುಚಿದಳು. ಕಣ್ಣು ಪರದೆಯ ಮೇಲೇ ಇತ್ತು. ಸಿಸ್ಟರು ತುಟಿ ಪಿಟಕ್ಕೆಂದಿರಲಿಲ್ಲ. ಅವಳ ಕೈಗೂ ಕಣ್ಣಿಗೂ ನಡುವೆ ಒಂದು ಬಟ್ಟೆಯ ಪರದೆಯೂ ಇತ್ತು. ಆದರೂ ಅವಳಿಗೆ ಗೊತ್ತಾಯಿತು. ಅದರ ಮುಂದಿನ ಸಲವೂ ಅದೇ ಕಥೆ.

ಹೇಗೆ ಗೊತ್ತಾಗುತ್ತದೆ? ಕೋಣೆಯಲ್ಲಿ ಪತ್ತೇದಾರಿಕೆ ಶುರುವಾಯಿತು, ಅದರ ಮುಂದಾಳು ನಾನು. ತಟ್ಟೆಯ ಟಿಂಗ್ ಸದ್ದೇ ಕಾರಣ ಅಂದೆ; ಸಿಸ್ಟರು ತಟ್ಟೆಗೆ ಬಟ್ಟೆ ಹಾಸಿದರು. ಸ್ಪಿರಿಟ್ಟಿನ ವಾಸನೆ ಅಂದೆ. ಬಹಳ ಮುಂಚೆಯೇ ಒರೆಸಿ ಆರಲು ಬಿಟ್ಟರು. ಸಿಸ್ಟರ ಚಪ್ಪಲಿ ಕಿರ್ ಅನ್ನುತ್ತದೆ ಅಂತಲೂ ಅಂದೆ.

“ನನ್ನ ಚಪ್ಪಲೀನಾ?” ಎಂದರು ಸಿಸ್ಟರು, ಹುಬ್ಬು ಗಂಟಿಕ್ಕಿ. ಆದರೂ ಪಾಪ, ಬರಿಗಾಲಲ್ಲಿ ಬಂದರು. ಮಿಡತೆಗೆ ಆಗಲೂ ಗೊತ್ತಾಯಿತು.

ಆಟದ ಮೇಡಂಗೆ ಸೇತುವೆಯ ಮೇಲೆ ಅನುಮಾನ. ಆಮೆ ಹಲಗೆ ಹತ್ತಿದಾಗಲೇ ಮಿಡತೆಯ ಗಮನ ಪೂರ್ತಿ ಅಲ್ಲಿರುತ್ತದೆ ಅಂತ ನಾವು ಪ್ರತಿ ಸಲ ಅಲ್ಲೇ ಚುಚ್ಚುತ್ತಿದ್ದೆವು, ಹುಡುಗಿ ಅದನ್ನು ಕಂಡುಹಿಡಿದಿರಬೇಕು. ಸರಿ, ಸಂತೆಯಲ್ಲಿ ಚುಚ್ಚೋಣ ಅಂದುಕೊಂಡೆವು. ಆಮೆ ಸಂತೆಯಲ್ಲಿ ಕಾಗದ ಕೊಡುತ್ತಿರುವಾಗ, ಸಿಸ್ಟರು ಸೂಜಿ ಎತ್ತಿದರೋ ಇಲ್ಲವೋ, ಕೈ ಮಾಯ.

ಮನೆಯಲ್ಲಿ ಅವಳನ್ನೇ ಕೇಳಿದೆ. ಪೂಸಿ ಹೊಡೆದು ಕೇಳಿದೆ, ಗದರಿಸಿಯೂ ಕೇಳಿದೆ. ಬೀರುವಿನ ಮೇಲಿಂದ ಟ್ಯಾಬ್ ನಾನೇ ಇಳಿಸಿ ಕೊಟ್ಟು ಕೇಳಿದೆ. ನನ್ನ ಮಗಳು ಅದನ್ನು ನೋಡಿ ನನಗೆ ಜ್ವರವೇನಾದರೂ ಇದೆಯೇ ಅಂತ ಹಣೆ ಮುಟ್ಟಿದಳು.

“ಹೇಳಲ್ಲ” ಎಂದಳು ಮಿಡತೆ.

“ಯಾಕೆ?”

“ಹೇಳಿದ್ರೆ ನಿನ್ನನ್ನ...” ಎಂದವಳು ಅಲ್ಲಿಗೇ ನಿಲ್ಲಿಸಿ, ಮುಖ ಊದಿಸಿಕೊಂಡು ಟ್ಯಾಬ್ ಕೂಡ ತೆಗೆದುಕೊಳ್ಳದೆ ಎದ್ದು ಹೋದಳು.

ಡಾಕ್ಟರು ಒಳ್ಳೆಯವರು, ಆದರೆ ಅವರಿಗೂ ಒಂದು ಮಿತಿಯಿದೆ. ಎಷ್ಟು ಸಲ ಅಂತ ಆ ಸಣ್ಣ ಕೈಯಲ್ಲಿ ನರ ಹುಡುಕುವುದು? “ಇದೊಂದು ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಮುಂದಿನ ಸಲದಿಂದ ಮಲಗ್ಸೇ ಮಾಡೋಣ” ಎಂದರು. ಅಂದರೆ ಬೆಂಚು ಹೋಯಿತು ಅಂತ ಅರ್ಥ. ಆ ದಿನ ಮಿಡತೆ ಕಾರಿನ ತನಕ ಒಂದು ಸಲವೂ ನೆಗೆಯದೆ ನಡೆದುಕೊಂಡೇ ಬಂದಳು.

ಆ ದಿನ ಬಂತು. ಮಗಳು ರಜೆ ಹಾಕಿ ಒಳಗೇ ಬಂದಳು. ಹಸಿರು ಬಾಗಿಲು, ಹಲ್ಲು ಕಿರಿಯುವ ಮೀನು, ಬರಿಗಾಲಿನ ಸಿಸ್ಟರು, ಹಳದಿ ನೇರಳೆ ಕಾಲುಚೀಲ. ಅಗಲವಾದ ಕುರ್ಚಿಯಲ್ಲಿ ನಾನು, ನನ್ನ ಮೇಲೆ ಮಿಡತೆ. ಆಮೆ ಮೂಟೆ ಹೊತ್ತು ನಿಂತಿತ್ತು, ಮಿಡತೆ ಹೆಬ್ಬೆರಳು ಆಡಿಸಲೇ ಇಲ್ಲ.

“ಅಪ್ಪಾ, ಇವತ್ತು ನಾನು ಕೂರ್ಲಾ?” ಎಂದಳು ಮಗಳು.

“ಬೇಡ” ಎಂದಳು ಮಿಡತೆ ಥಟ್ಟನೆ. “ತಾತನೇ ಬೇಕು.”

ಸಿಸ್ಟರು ಸೂಜಿಯ ತಟ್ಟೆಯನ್ನು ದೂರ ಸರಿಸಿ, ಅವಳ ಮುಂದೆ ನೆಲದ ಮೇಲೇ ಕೂತರು. “ಇವತ್ತು ನೀನು ಹೇಳೋವರ್ಗೂ ನಾನು ಏನೂ ಮಾಡಲ್ಲ. ಆದ್ರೆ ನಂಗೊಂದು ವಿಷಯ ತಿಳೀಬೇಕು. ನಾನು ಬರಿಗಾಲಲ್ಲಿ ಓಡಾಡಿದ್ದಕ್ಕಾದ್ರೂ ಹೇಳು. ಹೆಂಗ್ ಗೊತ್ತಾಗುತ್ತೆ ನಿಂಗೆ?”

ಮಿಡತೆ ತಲೆ ತಗ್ಗಿಸಿದಳು. “ಹೇಳಿದ್ರೆ ತಾತನ್ನ ಹೊರಗೆ ಕಳಿಸ್ತೀರಾ.”

“ಇಲ್ಲ. ಸತ್ಯವಾಗ್ಲೂ ಇಲ್ಲ.”

“ತಾತ ಬ್ರೇಕ್ ಹಾಕ್ತಾನೆ.”

ಮೊದಲು ಯಾರಿಗೂ ಅರ್ಥವಾಗಲಿಲ್ಲ, ನನಗೂ.

“ನೀವು ಸೂಜಿ ತಗೊಂಡ ತಕ್ಷಣ ತಾತ ಬ್ರೇಕ್ ಒತ್ತುತ್ತಾನೆ. ಈ ತೊಡೆ ಕಲ್ಲಾಗುತ್ತೆ” ಎಂದು ನನ್ನ ಬಲತೊಡೆಯ ಮೇಲೆ ತಟ್ಟಿದಳು. “ಕಾರಲ್ಲಿ ತಾತ ಬ್ರೇಕ್ ಒತ್ತಿದ್ರೆ ಮುಂದೆ ಏನೋ ಇದೆ ಅಂತ. ಇಲ್ಲೂ ಅಷ್ಟೇ.”

“ಸುಳ್ಳು!” ಎಂದೆ. “ನಾನ್ಯಾಕೆ ಒತ್ತಲಿ? ಎಂತೆಂಥ ಇಳಿಜಾರಲ್ಲಿ ಬಸ್ ಇಳಿಸಿದೋನು ನಾನು, ಒಂದು ಸೂಜಿಗೆ...”

ಸಿಸ್ಟರು ಕೈ ಚಾಚಿ ತಟ್ಟೆಯಿಂದ ಸೂಜಿ ಎತ್ತಿದರು. ಎಲ್ಲರೂ ನನ್ನ ಬಲಗಾಲು ನೋಡಿದರು. ನಾನೂ ನೋಡಿದೆ. ಹೆಬ್ಬೆರಳು ಚಪ್ಪಲಿಯಿಂದ ಹೊರಬರುವಷ್ಟು ಬಿಗಿಯಾಗಿ ಅದು ನೆಲ ಒತ್ತುತ್ತಿತ್ತು.

ನನ್ನ ಜಂಭವೆಲ್ಲ ಜರ್ರನೆ ಇಳಿಯಿತು. ಮೊದಲ ದಿನ ಆಮೆಯ ಜತೆ ಜಗಳವಾಡುತ್ತಾ ನಾನು ಸೂಜಿಯ ಕಡೆ ನೋಡಿರಲೇ ಇಲ್ಲ, ಅದಕ್ಕೇ ಅವಳಿಗೆ ಗೊತ್ತಾಗಿರಲಿಲ್ಲ. ಆಮೇಲೆ ಆಟ ಹಳೆಯದಾಯಿತು, ನಾನು ಸಿಸ್ಟರ ಕೈಯನ್ನೇ ನೋಡುತ್ತಾ ಕೂತೆ. ತಟ್ಟೆ, ಸ್ಪಿರಿಟ್ಟು, ಪಾಪದ ಸಿಸ್ಟರ ಚಪ್ಪಲಿ, ಎಲ್ಲರ ಮೇಲೂ ಗೂಬೆ ಕೂರಿಸಿದ್ದೆ. ಕೂಗು ಹಾಕಿ ಸುದ್ದಿ ಕೊಡುತ್ತಿದ್ದದ್ದು ನನ್ನದೇ ಕಾಲು. ಅಷ್ಟು ದಿನ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು ಆ ಹುಡುಗಿ, ಎಲ್ಲಿ ತಾತನ ತೊಡೆ ತಪ್ಪುತ್ತದೋ ಅಂತ.

“ನಾನು ಹೊರಗಿರ್ತೀನಿ” ಎಂದೆ. “ಅಮ್ಮನ ಹತ್ರ ಕೂತ್ಕೋ ಮಗಾ.”

“ನೋಡಿ, ಅದಕ್ಕೇ ಹೇಳಲ್ಲ ಅಂದಿದ್ದು!” ಮಿಡತೆಗೆ ಸಿಟ್ಟೇ ಬಂತು. ಸಿಟ್ಟಿನಲ್ಲಿ ಅವಳು ಥೇಟ್ ನನ್ನ ಹಾಗೆ. ಆಟದ ಮೇಡಂ ಕಡೆ ತಿರುಗಿದಳು. “ಅಕ್ಕಾ, ಇದನ್ನ ಇಬ್ರು ಆಡಬಹುದಲ್ವಾ? ತಾತನಿಗೂ ಒಂದು ಕೊಡಿ.”

ಆಟದ ಮೇಡಂ ಚೀಲದಿಂದ ಇನ್ನೊಂದು ಕಂಟ್ರೋಲರ್ ತೆಗೆದು ನನ್ನ ಕೈಗಿಟ್ಟಳು. ನಾನು ಮಿಡತೆಯ ಸುತ್ತ ತೋಳು ಬಳಸಿ ಅವಳ ಹೊಟ್ಟೆಯ ಮುಂದೆ ಅದನ್ನು ಹಿಡಿದೆ. ಪರದೆಯ ಮೇಲೆ ಆಮೆಯ ಪಕ್ಕ ಒಂದು ಮೇಕೆ ಪ್ರತ್ಯಕ್ಷವಾಯಿತು.

“ನಾನು ಮೇಕೆನಾ?”

“ಹೂಂ. ನೀನು ನನ್ನ ಹಿಂದೆ ಬರ್ಬೇಕು. ಕಾಗದ ತಿನ್ನಬಾರದು.”

“ಇಷ್ಟು ವರ್ಷ ಬಸ್ ಓಡಿಸಿದೋನಿಗೆ ಮೇಕೆ ಓಡಿಸೋದು ಒಂದು ಲೆಕ್ಕಾನಾ?”

ಮೇಕೆ ಹೊರಟಿತು, ನೇರವಾಗಿ ಒಂದು ಗೋಡೆಗೆ ಗುದ್ದಿತು. ಹಿಂದಕ್ಕೆ ತಂದೆ, ಬಾವಿಯ ಕಟ್ಟೆ ಹತ್ತಿತು. ಇಳಿಸಲು ಹೋದರೆ ಸಂತೆಯ ನಡುವೆ ಇನ್ನೊಬ್ಬರ ಅಂಚೆ ಮೂಟೆಗೆ ಬಾಯಿ ಹಾಕಿತು.

“ತಾತಾ, ತಿನ್ನಬೇಡ!”

“ನಾನ್ ತಿಂತಿಲ್ಲ, ಅದು ತಿಂತಿದೆ! ಇದರ ಸ್ಟೇರಿಂಗ್ ಎಲ್ಲಿದೆ?”

“ಎಡಕ್ಕೆ ತಾತ, ಎಡಕ್ಕೆ! ಅಯ್ಯೋ ಅದು ಬಲ!”

ಮಗಳು ನಕ್ಕ ಸದ್ದು ಕೇಳಿತು. ನಗಲಿ, ನನಗೆ ಪುರುಸೊತ್ತಿರಲಿಲ್ಲ. ಸೇತುವೆ ಬಂದಿತ್ತು. ಆಮೆ ಗಂಭೀರವಾಗಿ ಹಲಗೆ ಹತ್ತಿತು. ನನ್ನ ಮೇಕೆ ಹಲಗೆಯ ಮೇಲೆ ಒಂದು ಹೆಜ್ಜೆ ಇಟ್ಟು ಧೊಪ್ಪನೆ ಕಾಲುವೆಗೆ ಬಿತ್ತು. ಮತ್ತೆ ಬಂತು, ಮತ್ತೆ ಬಿತ್ತು. ನನ್ನ ಹಣೆಯಲ್ಲಿ ಬೆವರು.

“ಎಡಕ್ಕೆ” ಎಂದಳು ಮಿಡತೆ. “ನಿಧಾನ ತಾತ. ಇನ್ನೂ ಎಡಕ್ಕೆ. ಪರದೆ ನೋಡು. ನಿಧಾನ... ಹಾಂ, ಈಗ ನೇರ.”

ಮೇಕೆ ಆಚೆ ದಡ ಮುಟ್ಟಿತು. ನಾನು ಹೋ ಎಂದು ಕೂಗಿದ್ದಕ್ಕೆ ಹೊರಗಿದ್ದ ಮಕ್ಕಳು ಬಾಗಿಲ ಸಂದಿಯಲ್ಲಿ ಇಣುಕಿದರು. ಆಮೇಲೆ ನೆನಪಾಗಿ ತಿರುಗಿದರೆ, ಸಿಸ್ಟರು ಟೇಪು ಅಂಟಿಸಿ ಮುಗಿಸಿ ಕೈಗವಸು ಬಿಚ್ಚುತ್ತಿದ್ದರು. ಒಂದೇ ಸಲಕ್ಕೆ ನರ ಸಿಕ್ಕಿತ್ತು. ಮಿಡತೆ ಅತ್ತಿರಲಿಲ್ಲ.

“ನೋಡಿದ್ರಾ ಸಿಸ್ಟರ್?” ಎಂದೆ. “ಆಟದಲ್ಲಿ ಮುಳುಗಿ ಇವಳಿಗೆ ಗೊತ್ತೇ ಆಗ್ಲಿಲ್ಲ.”

ಸಿಸ್ಟರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ನನ್ನ ಮುಖ ನೋಡಿದರು. “ಸೂಜಿ ಹಾಕೋವಾಗ ಇವಳು ಆಟ ನೋಡ್ಲೇ ಇಲ್ಲ ತಾತ. ಸೇತುವೆ ಮಧ್ಯಕ್ಕೆ ಬಂದಾಗ ಆಮೆನ ನಿಲ್ಸಿ, ಬಟ್ಟೆ ಪರದೆ ತಾನೇ ಸರಿಸಿ, ನನ್ನ ಕಡೆ ತಲೆ ಆಡಿಸಿದ್ಲು, ಹಾಕಿ ಅಂತ. ಸೂಜಿ ಹೋಗೋದನ್ನ ಕಣ್ಣು ಮಿಟುಕಿಸ್ದೆ ನೋಡಿದ್ಲು. ಬಾಯಲ್ಲಿ ಮಾತ್ರ ನಿಮಗೆ ಎಡ, ನೇರ ಅಂತ ಹೇಳ್ತಾನೇ ಇದ್ಲು.”

ನಾನು ಪರದೆ ನೋಡಿದೆ. ನಿಜ. ನನ್ನ ಮೇಕೆ ಆಚೆ ದಡದಲ್ಲಿತ್ತು. ಅವಳ ಆಮೆ ಸೇತುವೆಯ ನಡುವೆ, ಮೂಟೆ ಹೊತ್ತುಕೊಂಡು ಅಲ್ಲೇ ನಿಂತಿತ್ತು.

“ನೋಡಿದ್ಯಾ ನೀನು?” ಎಂದು ಕೇಳಿದೆ.

“ಹೂಂ.”

“ಹೆದರಿಕೆ ಆಗ್ಲಿಲ್ವಾ?”

“ಆಯ್ತು, ಸ್ವಲ್ಪ. ಆದ್ರೆ ನೀನು ಮೇಕೆ ನೋಡ್ತಿದ್ಯಲ್ಲ” ಎಂದಳು ಮಿಡತೆ, ಹೆಬ್ಬೆರಳಿನಿಂದ ತನ್ನ ಆಮೆಯನ್ನು ಸೇತುವೆ ದಾಟಿಸುತ್ತಾ. “ಯಾರಾದ್ರೂ ಒಬ್ರು ನೋಡ್ಬೇಕಲ್ಲ ತಾತ.”

ನಾನು ಅವಳ ನೆತ್ತಿಗೆ ಗಲ್ಲ ಊರಿ ಕೂತೆ. ನನ್ನ ಬಲಗಾಲು ನೆಲದ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು.